ರಸ್ತೆ ಗೊತ್ತಿಲ್ಲದ ಎತ್ತುಗಳು

ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಓವರ್ಸಿಯರ್ ಚಾರ್ಲ್ಸ್ ಮಂಗಳೂರಿನ ರಸ್ತೆಗಳನ್ನು ಪರೀಕ್ಷಿಸಿ, ಯಾವುದಕ್ಕೆ ರಿಪೇರಿ ಬೇಕೆಂದು ಮೇಲಿನವರಿಗೆ ತಿಳಿಸಬೇಕಿತ್ತು. ಅವರ ಕ್ರಮ ಸರಳ. ಎತ್ತಿನ ಗಾಡಿಯಲ್ಲಿ ಕಂಠದವರೆಗೆ ನೀರು ತುಂಬಿದ ಕೊಡ ಇಟ್ಟು ರಸ್ತೆಯುದ್ದಕ್ಕೂ ಹೋಗುವುದು. ನೀರು ಚೆಲ್ಲದಿದ್ದರೆ ರಸ್ತೆ ಒಳ್ಳೆಯದು.

ಕೂಳೂರು ರಸ್ತೆಯ ಕಂತ್ರಾಟು ಚಿತ್ತರಂಜನ ಶೆಟ್ಟರದ್ದು. ಜಲ್ಲಿಯ ಬದಲು ಮಣ್ಣು ತುಂಬಿದ್ದ ಆ ರಸ್ತೆ ಒಂದು ಮಳೆಗೆ, ಅಬ್ದುಲ್ ರಹ್ಮಾನನ ಹಂಚಿನ ಗಾಡಿಯ ಕೆಳಗೆ ಕುಸಿಯಿತು. ಗಾಡಿ ಅವನ ಮೇಲೆಯೇ ಮಗುಚಿತು. ತಮ್ಮ ಉಸ್ಮಾನ್ ಓಡಿಬಂದು ಹಂಚು ಸರಿಸುವಷ್ಟರಲ್ಲಿ ಜೀವ ಹೋಗಿತ್ತು.

"ಗಾಡಿ ಬಿಡ್ಲಿಕ್ಕೆ ಗೊತ್ತಿಲ್ಲದವ" ಎಂದುಬಿಟ್ಟರು ಶೆಟ್ಟರು. ಊರೂ ಅದನ್ನೇ ಹೇಳಿತು.

ಶೆಟ್ಟರು ಆ ಗುಂಡಿಗೆ ತೆಂಗಿನ ಸಿಪ್ಪೆ ತುಂಬಿಸಿ ಮೇಲೆ ಮರಳು ಹರವಿಸಿದರು. ಪರೀಕ್ಷೆಯ ದಿನ, ದಿನಾ ಆ ರಸ್ತೆಯಲ್ಲೇ ನಡೆದು ಪಳಗಿದ್ದ ಊರಿನ ಎತ್ತುಗಳು ಅಲ್ಲಿ ತಾವಾಗಿಯೇ ಬದಿಗೆ ಸರಿದವು. ದೇವರು ಮೂಕ ಪ್ರಾಣಿಗೂ ಅಷ್ಟು ನೆನಪು ಕೊಟ್ಟಿದ್ದಾನೆ. ಉಸ್ಮಾನ್ ದೂರು ಹೇಳಿದಾಗ ಚಾರ್ಲ್ಸ್, "ಕೊಡ ನೋಡು ಮಾರಾಯ, ತುಂಬಿಯೇ ಉಂಟಲ್ಲ" ಎಂದರು.

ಉಸ್ಮಾನ್ ಐದು ಹೊತ್ತಿನ ನಮಾಝಿನಲ್ಲೂ ಬೇಡಿದ್ದು ಒಂದನ್ನೇ: ಅಣ್ಣನ ತಪ್ಪಲ್ಲ ಎಂದು ಊರಿಗೆ ತಿಳಿಯಬೇಕು.

ಮುಂದಿನ ಬೇಸಿಗೆಯಲ್ಲಿ ಘಟ್ಟದ ಮೇಲಿನಿಂದ ಹೊಸ ಜೋಡಿ ಎತ್ತು ತಂದ. ಕೂಳೂರು ರಸ್ತೆಯ ಧೂಳನ್ನೂ ಅವುಗಳಿಗೆ ತೋರಿಸಲಿಲ್ಲ. ಪರೀಕ್ಷೆಯ ದಿನ ಗಾಡಿ ಕಟ್ಟಿ, ಕೊಡ ಒಯ್ಯಲು ಎಲ್ಲರಿಗಿಂತ ಮೊದಲು ಹೋಗಿ ನಿಂತ.

"ನಿನ್ನ ಗಾಡಿಯಾ?" ಶೆಟ್ಟರು ನಕ್ಕರು. "ಅಣ್ಣನ ಹಾಗೆ ಮಗುಚಿ ಹಾಕ್ಬೇಡ."

"ನೀವು ಮಾಡಿದ ರಸ್ತೆ ಧಣಿ, ಮಗುಚುವುದು ಹೇಗೆ?"

ಚಾರ್ಲ್ಸ್ ಮುಂದೆ ಕುಳಿತರು, ಶೆಟ್ಟರು ಕೊಡದ ಪಕ್ಕ. ಮರಳಿನ ಜಾಗ ಹತ್ತಿರ ಬಂತು. ಘಟ್ಟದ ಎತ್ತುಗಳು ನೇರ ನಡೆದವು.

"ಏ ಬ್ಯಾರಿ, ಬಲಕ್ಕೆ ಎಳಿ!" ಶೆಟ್ಟರು ಕೂಗಿದರು.

"ಯಾಕೆ ಧಣಿ?"

"ಎಳಿ ಅಂದ್ರೆ ಎಳಿ!"

"ಅಲ್ಲಿ ಎಂತ ಉಂಟು?"

"ಗುಂಡಿ ಉಂಟು ಮಾರಾಯ! ಅಡಿಯಲ್ಲಿ ಬರೀ ಸಿಪ್ಪೆ! ಕೊಲ್ತೀಯಾ ನನ್ನನ್ನು?"

ಉಸ್ಮಾನ್ ಹಗ್ಗ ಜಗ್ಗಿದ. ಎತ್ತುಗಳು ಮರಳಿನ ಅಂಚಿನಲ್ಲೇ ನಿಂತವು.

"ಇನ್ನೊಮ್ಮೆ ಹೇಳಿ ಧಣಿ, ಚಾರ್ಲ್ಸ್ ಸಾರಿಗೆ ಕೇಳಿಸ್ಲಿಲ್ಲವೋ ಏನೋ."

"ಕೇಳಿಸ್ತು" ಎಂದರು ಚಾರ್ಲ್ಸ್. ಅವರ ಮುಖ ಕೆಂಪಾಗಿತ್ತು. "ಇಳೀರಿ ಶೆಟ್ರೇ. ಅದರ ಮೇಲೆ ನಿಲ್ಲಿ, ನೋಡುವ."

ಶೆಟ್ಟರು ಮೊಣಕಾಲಿನವರೆಗೆ ಹೂತುಹೋದರು. ಉಸ್ಮಾನ್ ನಿಧಾನವಾಗಿ ಕೊಡ ಎತ್ತಿ, ನಮಾಝಿಗೆ ಮುಂಚೆ ಕೈಕಾಲು ತೊಳೆದು ವುಝೂ ಮಾಡುವವನ ತಾಳ್ಮೆಯಲ್ಲಿ, ನೀರನ್ನೆಲ್ಲ ಅವರ ಸುತ್ತ ಸುರಿದ. ಶೆಟ್ಟರು ತೊಡೆಯವರೆಗೆ ಇಳಿದರು. ನೋಡಲು ನಿಂತಿದ್ದ ಗಾಡಿಯವರಲ್ಲಿ ಒಬ್ಬನೂ ಕೈ ಕೊಡಲಿಲ್ಲ.

"ಈಗ ಹೇಳಿ ಧಣಿ. ಗಾಡಿ ಬಿಡ್ಲಿಕ್ಕೆ ಗೊತ್ತಿಲ್ಲದವ ಯಾರು?"

"ನಿನ್ನಣ್ಣನ ತಪ್ಪಲ್ಲ" ಎಂದರು ಶೆಟ್ಟರು, ನೆಲ ನೋಡುತ್ತಾ.

"ಗಟ್ಟಿಯಾಗಿ."

ಶೆಟ್ಟರು ಗಟ್ಟಿಯಾಗಿಯೇ ಹೇಳಿದರು.

ಮಳೆಗೆ ಮುಂಚೆ ಶೆಟ್ಟರೇ ಇಡೀ ರಸ್ತೆ ಅಗೆಸಿ ಜಲ್ಲಿ ಹಾಕಿಸಬೇಕಾಯಿತು. ಈಗ ಅಲ್ಲಿ ಲಾರಿಗಳೂ ಓಡುತ್ತವೆ. ಆದರೂ ಹಳೆಯ ಎತ್ತುಗಳು ಆ ಜಾಗ ಬಂದಾಗ ಬದಿಗೆ ಸರಿಯುತ್ತವೆ. ಯಾರಾದರೂ ಬಾರುಕೋಲು ಎತ್ತಿದರೆ ಉಸ್ಮಾನ್ ತಡೆಯುತ್ತಾನೆ.

"ಹೊಡೀಬೇಡ. ಅವಕ್ಕೆ ಗೊತ್ತುಂಟು."

ತನ್ನ ಘಟ್ಟದ ಎತ್ತುಗಳನ್ನೂ ಅವನು ಅಣ್ಣ ಬಿದ್ದ ಆ ಜಾಗದಲ್ಲಿ ಬಲಕ್ಕೇ ಎಳೆಯುತ್ತಾನೆ.