ಕಾಫಿ ಕಣದ ಓದು

ಪ್ರಶ್ನೆಪತ್ರಿಕೆ ಕೈಗೆ ಬಂದು ಅರ್ಧ ಗಂಟೆಯಾದರೂ ಶಶಿಕಲಾಳಿಗೆ ಒಂದು ಉತ್ತರವೂ ನೆನಪಾಗಲಿಲ್ಲ. ತೊಂಬತ್ತೆಂಟರ ಎಸ್ಸೆಸ್ಸೆಲ್ಸಿ, ಸಮಾಜ ವಿಜ್ಞಾನ. ನಿನ್ನೆಯವರೆಗೂ ಬಾಯಿಪಾಠವಿದ್ದದ್ದು ಇವತ್ತು ಎಲ್ಲಿ ಹೋಯಿತು?

ಓದಲು ಅವಳಿಗೆ ಬೇರೆ ಹೊತ್ತಾದರೂ ಎಲ್ಲಿತ್ತು? ವನಗೂರಿನ ಎಸ್ಟೇಟಿನ ಕಣದಲ್ಲಿ ಒಣಗಲು ಹರವಿದ ಕಾಫಿಯನ್ನು ಬರಿಗಾಲಲ್ಲಿ ಸಾಲು ಎಳೆಯುತ್ತಾ ತಿರುವಿಹಾಕುವುದು ಅವಳ ಕೆಲಸ. ಕೈಯಲ್ಲಿ ಪುಸ್ತಕ, ಕಾಲಡಿ ಕಾಫಿ. ಒಂದು ಸಾಲು ಮುಗಿಯುವುದರೊಳಗೆ ಒಂದು ಉತ್ತರ ಬಾಯಿಗೆ ಬರಬೇಕೆಂದು ತಾನೇ ಕಟ್ಟಳೆ ಮಾಡಿಕೊಂಡಿದ್ದಳು. "ಓದ್ತೀಯೋ, ಕಾಫಿ ತಿರುವ್ತೀಯೋ, ಯಾವ್ದಾದ್ರೂ ಒಂದ್ ಮಾಡು" ಎಂದು ಅವ್ವ ರಾಮಮ್ಮ ಬೈದರೂ ಎರಡನ್ನೂ ಬಿಟ್ಟಿರಲಿಲ್ಲ.

ಈಗ ಬೆಂಚಿನ ಮೇಲೆ ಕೂತರೆ ತಲೆಯೆಲ್ಲ ಕಲಸುಮೇಲೋಗರ. ಯಾವ ಯುದ್ಧ ಯಾವಾಗ, ಯಾವ ನದಿ ಎಲ್ಲಿ, ಒಂದೂ ತಿಳಿಯದು. ದಿಕ್ಕು ತೋಚದೆ ಚಪ್ಪಲಿ ಕಳಚಿದಳು. ಬರಿಗಾಲು ಸಿಮೆಂಟಿನ ನೆಲಕ್ಕೆ ತಾಗಿದ್ದೇ ತಡ, ಕಣದಲ್ಲಿ ಸರಿಯುತ್ತಿದ್ದ ಹಾಗೆಯೇ ಹಿಂದಕ್ಕೂ ಮುಂದಕ್ಕೂ ಸರಿಯತೊಡಗಿತು. ಮೊದಲ ಉತ್ತರ ಬಂತು. ಹಿಂದೆಯೇ ಎರಡನೆಯದು.

"ಕಾಲಡಿ ಏನಮ್ಮ ಅದು, ಚೀಟಿನಾ?" ಮೇಲ್ವಿಚಾರಕರು ಬಗ್ಗಿ ನೋಡಿದರು. ಕಾಫಿಯ ಕರೆ ಹತ್ತಿದ ಎರಡು ಪಾದ ಬಿಟ್ಟರೆ ಅಲ್ಲೇನೂ ಇರಲಿಲ್ಲ. "ಸುಮ್ನೆ ಕೂತು ಬರೆಯೋಕಾಗಲ್ವಾ?"

"ಕಾಲು ನಿಲ್ಸಿದ್ರೆ ಮರ್ತೋಗ್ತೈತೆ ಸಾ."

ಅವರಿಗೆ ತಲೆಬುಡ ಅರ್ಥವಾಗಲಿಲ್ಲ. ಯಾಕೆ ಹಾಗೆಂದು ಅವಳಿಗೂ ಗೊತ್ತಿರಲಿಲ್ಲ. ಕೊನೆಯ ಬೆಲ್ ಹೊಡೆದಾಗ ಅವಳ ಕಾಲು ಕಣದ ಕೊನೆಯ ಸಾಲಿನಲ್ಲಿತ್ತು.