ಎರಡನೆಯ ಸಲ ಹೊರಗೆ

ನೆನಿತಾ ಮಗ್ಬನುವಾಗೆ ಸಿಟ್ಟು ಮೂಗಿನ ತುದಿಯಲ್ಲೇ. ಬಕೊಲೋಡ್ ಊರಿನ ಸಾಫ್ಟ್‌ಬಾಲ್ ಮೈದಾನಗಳಲ್ಲಿ ಇದು ಎಲ್ಲರಿಗೂ ಗೊತ್ತು. ಶಾಲಾ ತಂಡದ ಕೋಚ್ ಆಗಿ ಅವಳು ಗೆದ್ದ ಕಪ್ಪುಗಳಿಗಿಂತ ಅವಳಿಂದ ಬೈಸಿಕೊಂಡವರೇ ಹೆಚ್ಚು.

ಆ ಫೈನಲ್ ದಿನವಾದರೂ ಸಿಟ್ಟನ್ನು ಮನೆಯಲ್ಲಿಟ್ಟು ಬರಬೇಕಿತ್ತು. ತಂಡದ ಹುಡುಗಿ ಜೊವೆಲಿನ್ ಚೆಂಡು ಎಸೆಯುವುದನ್ನು ನೋಡಲೆಂದೇ ಮನಿಲಾದ ಕಾಲೇಜೊಂದರ ಕೋಚ್ ಬರುವವರಿದ್ದರು. ಅವರು ಮೆಚ್ಚಿದರೆ ಓದು, ಊಟ, ವಸತಿ ಎಲ್ಲ ಕಾಲೇಜಿನದೇ. ಕಬ್ಬು ಕಡಿಯುವವನ ಮಗಳಿಗೆ ಶಾಲೆಯಲ್ಲಿ ಅದೇ ಕೊನೆಯ ವರ್ಷ. ಆದರೆ ಅವರು ಬರಬೇಕಿದ್ದ ಹಾಳಾದ ಹಡಗು ತಡವಾಯಿತು.

ಮೂರನೆಯ ಇನ್ನಿಂಗ್ಸ್‌ನಲ್ಲಿ ಜೊವೆಲಿನ್ ನೆನಿತಾ ಮಾಡಿದ ಸನ್ನೆ ನೋಡದೆ ಬ್ಯಾಟ್ ಬೀಸಿದಳು. ನೆನಿತಾ ಅವಳನ್ನು ಹೊರಗೆ ಕೂರಿಸಿ, ನಾಲ್ಕನೆಯದರಲ್ಲಿ ಮತ್ತೆ ಇಳಿಸಿದಳು. ಪಂದ್ಯ ಶುರು ಮಾಡಿದ ಆಟಗಾರ್ತಿ ಹೊರಗೆ ಹೋದರೆ ತನ್ನದೇ ಬ್ಯಾಟಿಂಗ್ ಸರದಿಗೆ ಮರಳಬಹುದು. ಆದರೆ ಒಂದೇ ಸಲ.

ಐದನೆಯದರಲ್ಲಿ, ಎದುರಾಳಿಯ ದಾಂಡಿಗರಿಗೆ ಹೊಡೆಯಲು ಸಿಗದ ಹಾಗೆ ಹಾಕು ಎಂದು ಹೇಳಿದ್ದರೂ ಜೊವೆಲಿನ್ ನೇರವಾಗಿ ಹಾಕಿದಳು. ಚೆಂಡು ಬೇಲಿಯಾಚೆ ಐಸ್‌ಕ್ಯಾಂಡಿ ಡಬ್ಬಕ್ಕೆ ಬಡಿಯಿತು.

"ಬಾರೇ ಈಚೆ! ಹೇಳಿದ್ದೇನು, ಮಾಡಿದ್ದೇನು?"

"ಕೋಚ್, ನಾನು ಆಗ್ಲೇ ಒಂದ್ಸಲ..."

"ಬಾಯಿ ಮುಚ್ಚು! ಎದುರುತ್ತರ ಬೇರೆ ಕೇಡು!"

ನೆನಿತಾ ದಾಪುಗಾಲು ಹಾಕುತ್ತ ಅಂಪೈರ್ ಇಸಿಂಗ್ ಬಳಿ ಹೋಗಿ ಬದಲಿ ಹುಡುಗಿಯ ಹೆಸರು ಹೇಳಿದಳು.

"ಯೋಚ್ನೆ ಮಾಡಿದ್ದೀಯ ತಾನೆ, ನೆನಿತಾ?" ಎಂದ ಮುದುಕ.

"ನಂಗೇ ಪಾಠ ಹೇಳ್ತೀಯಾ ಅಣ್ಣ? ಬರ್ಕೋ."

ಅವನು ಬರೆದುಕೊಂಡ.

ಆರನೆಯ ಇನ್ನಿಂಗ್ಸ್ ಹೊತ್ತಿಗೆ ಮನಿಲಾದ ಕೋಚ್ ಬೆವರೊರೆಸಿಕೊಳ್ಳುತ್ತ ಬಂದು ಗ್ಯಾಲರಿಯಲ್ಲಿ ಕೂತರು. ನೆನಿತಾ ಮತ್ತೆ ಅಂಪೈರ್ ಬಳಿ ಓಡಿದಳು.

"ಜೊವೆಲಿನ್ ವಾಪಸ್ ಬರ್ತಾಳೆ."

"ಬರೋಕಾಗಲ್ಲ. ಒಂದ್ಸಲ ಬಂದಾಗಿದೆ."

"ಅಣ್ಣ, ನಿಂಗೆ ಕೈಮುಗೀತೀನಿ."

"ಇಳಿಸಿದ್ರೆ ನಿನ್ನನ್ನೂ ಮೈದಾನದಿಂದಾಚೆ ಕಳಿಸ್ಬೇಕಾಗುತ್ತೆ. ಊರಿಗೆಲ್ಲ ಈ ನಿಯಮ ಕಲಿಸಿದವಳೇ ನೀನಲ್ವೇನೇ?"

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದುಂಟೆ? ನೆನಿತಾ ಬೆಂಚಿಗೆ ಬಂದು, ಇನ್ಯಾರೂ ಸಿಗದೆ ಹುಡುಗಿಯ ಮೇಲೇ ಹರಿಹಾಯ್ದಳು.

"ಮೊದಲೇ ಬಾಯಿ ಬಿಡೋಕೆ ಏನಾಗಿತ್ತೇ ನಿಂಗೆ?"

ಜೊವೆಲಿನ್ ಷೂ ಬಿಚ್ಚಿ ಬರಿಗಾಲಲ್ಲಿ ಕೂತಿದ್ದಳು. ಅವಳ ಕಣ್ಣು ಕೆಂಡವಾಗಿತ್ತು. "ಬಿಟ್ಟಿದ್ದೆ. ಮುಚ್ಚು ಅಂದ್ರಿ."

ನೆನಿತಾ ಗ್ಯಾಲರಿಯ ಮೆಟ್ಟಿಲು ಹತ್ತಿದಳು. ಮನಿಲಾದವರೇ ಮೊದಲು ಕೇಳಿದರು: "ಹುಡುಗಿ ಎಲ್ಲಿ? ಪೆಟ್ಟೇನಾದ್ರೂ ಆಯ್ತಾ?"

ಹೌದು ಎಂದುಬಿಡುವುದು ಸುಲಭವಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ಇಲ್ಲ ಸಾರ್. ನಾನೇ ಎರಡು ಸಲ ತೆಗೆದೆ. ಸಿಟ್ಟಿಗೆ. ಪಂದ್ಯ ಆದ್ಮೇಲೆ ಒಂದ್ಹತ್ತು ಚೆಂಡು ಹಾಕಿಸ್ತೀನಿ, ನೋಡ್ತೀರಾ?"

"ಸಂಜೆ ಹಡಗಿಗೆ ಹೋಗ್ಬೇಕು. ಪಂದ್ಯ ನೋಡದೆ ನಾನು ಯಾರನ್ನೂ ತಗೊಳ್ಳಲ್ಲ. ಮುಂದಿನ ವರ್ಷ ನೋಡೋಣ."

"ಮುಂದಿನ ವರ್ಷ ಅವಳು ಶಾಲೇಲಿರಲ್ಲ ಸಾರ್, ಕಬ್ಬಿನ ಗದ್ದೇಲಿರ್ತಾಳೆ."

ಅವರು ತಲೆ ತಗ್ಗಿಸಿದರು.

ನೆನಿತಾ ಇಳಿದು ಬಂದು, ಬೆಂಚಿನ ಕೆಳಗೆ ಬಿದ್ದಿದ್ದ ಷೂಗಳನ್ನೆತ್ತಿ ಮಣ್ಣು ಒರೆಸತೊಡಗಿದಳು. ಜೊವೆಲಿನ್ ಅವನ್ನು ಕಿತ್ತುಕೊಂಡಳು.

"ಬಿಡಿ ಕೋಚ್," ಎಂದಳು. "ಇನ್ಯಾಕೆ?"