ಸೇತುವೆ ದಾಟಬೇಕಾದ ಉದ್ದ ತೋಳು

ಫುಸಾಳ ಮದುವೆಯ ದಿನ ನಾನು ಅವಳನ್ನು ಸಿಂಗರಿಸುವ ಬದಲು ಮುಚ್ಚಿಡಬೇಕಾಯಿತು. ಕಾನಾಜಾವಾದಲ್ಲಿ ನಾನು ಉಡಿಸಿ ಕಳಿಸಿದ ಮದುಮಕ್ಕಳು ಕಡಿಮೆಯೇನಲ್ಲ. ಯಾರಿಗೂ ಹೀಗೆ ಮಾಡಿರಲಿಲ್ಲ.

ಅವಳ ಕಿಮೋನೊದ ತೋಳುಗಳು ಕಾಲಿನ ಗಂಟಿನವರೆಗೆ ಇಳಿಬೀಳುತ್ತಿದ್ದವು. ಮದುವೆಯಾಗದ ಹುಡುಗಿಗೆ ಅದೇ ಲಕ್ಷಣ. ಮದುವೆಯಾದ ಮೇಲೆ ಕತ್ತರಿಸಿ ಗಿಡ್ಡ ಮಾಡಿಕೊಳ್ಳುತ್ತಾರೆ. ಆದರೆ ಯುದ್ಧದ ಆ ವರ್ಷ ಮಹಿಳಾ ಸಂಘದವರಿಗೆ ಅಲ್ಲಿಯವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಉದ್ದ ತೋಳು ಅಂದರೆ ದುಂದು ಎಂದು ಸೇತುವೆಯ ಬಾಯಲ್ಲೇ ಕತ್ತರಿ ಹಿಡಿದು ನಿಂತಿದ್ದರು. ಗಂಡಿನ ಮನೆ ಸೇತುವೆಯ ಆಚೆ.

ಆ ಕಿಮೋನೊದ ರೇಷ್ಮೆಯ ಮೇಲೆ ಚಿತ್ರ ಬರೆದವನು ಮದುಮಗ ಕಾನೆಜಿಯೇ. ಎಡತೋಳಿನಲ್ಲಿ ದೋಣಿಗಳು, ಬಲತೋಳಿನಲ್ಲಿ ಪೈನ್ ಮರಗಳ ದಡ. ಕೆಲಸ ಮುಗಿಯುವ ಹೊತ್ತಿಗೆ ಅವನಿದ್ದ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯನ್ನು ಸರ್ಕಾರದವರು ಮುಚ್ಚಿಸಿದರು, ಹಿಂದೆಯೇ ಸೈನ್ಯದ ಕರೆ ಬಂತು. ಮದುವೆಯ ದಿನವೇ ಸಂಜೆಯ ರೈಲಿಗೆ ಹೊರಡಬೇಕು.

"ಚೌಕಟ್ಟಿಗೆ ಎಳೆದು ಕಟ್ಟಿದ್ದಾಗ ಮಾತ್ರ ನೋಡಿದೀನಿ ಶಿಗೆ ಅಕ್ಕ," ನನ್ನ ಹತ್ತಿರ ಅಂದಿದ್ದ. "ಮೈಮೇಲೆ ಹೇಗೆ ಕಾಣುತ್ತೆ ಅಂತ ಒಂದ್ಸಲ ನೋಡಿ ಹೋಗ್ತೀನಿ."

ಬೆಳೆಯುವ ಮಕ್ಕಳ ಬಟ್ಟೆಗೆ ಮಡಿಕೆ ಹಾಕಿ ಹೊಲಿಯುತ್ತೇವಲ್ಲ, ಹಾಗೆ ನಾನು ಆ ತೋಳುಗಳನ್ನು ಒಳಕ್ಕೆ ಮಡಚಿ ಟಾಕು ಹಾಕಿದೆ. ಮೇಲೊಂದು ಹಳೆಯ ಪಟ್ಟೆ ಕೋಟು, ಕೆಳಗೆ ಗದ್ದೆಗೆ ಹೋಗುವವರ ದೊಗಲೆ ಷರಾಯಿ.

ಸೇತುವೆಯಲ್ಲಿ ಸಂಘದ ಮುಖ್ಯಸ್ಥೆ ಮುರೋಯಿ ಅಮ್ಮಾವ್ರು ನಮ್ಮನ್ನು ತಡೆದರು. ಅವರ ಕಾಲ ಬಳಿ ಒಂದು ಬುಟ್ಟಿ, ಅದರ ತುಂಬ ಬಣ್ಣಬಣ್ಣದ ತುಂಡುಗಳು.

"ಏನ್ ಶಿಗೆ, ಹುಡುಗಿ ಇಷ್ಟು ದಪ್ಪ ಆಗಿದಾಳೆ? ನಿಮ್ಮ ಬೀದೀಲಿ ರೇಷನ್ ಅಕ್ಕಿ ಜಾಸ್ತಿ ಕೊಡ್ತಾರಾ?"

"ಚಳಿ ಅಮ್ಮಾವ್ರೆ. ಒಳಗೆ ಹತ್ತಿ ತುಂಬಿದೀನಿ."

"ಹತ್ತಿ ಹೀಗೆ ಜೋತು ಬೀಳಲ್ಲ ಕಣೇ."

ಅವರು ಕೋಟಿನ ತೋಳೊಳಗೆ ಕೈ ಹಾಕಿ ಸವರಿದರು. ಬೆರಳು ಮಡಿಕೆಯ ಮೇಲೆ ನಿಂತಿತು. ಕತ್ತರಿಯ ತುದಿಯಿಂದ ಟಾಕು ಬಿಚ್ಚಿದರು. ರೇಷ್ಮೆ ಜಾರಿ ಕೆಳಗಿಳಿಯಿತು, ದೋಣಿಗಳೆಲ್ಲ ಹೊರಗೆ ಬಂದವು. ಸುತ್ತ ನಿಂತ ಹೆಂಗಸರು ನೋಡಲು ಹತ್ತಿರ ಬಂದರು.

"ಮದುವೆ ಇವತ್ತೇ ಅಮ್ಮಾವ್ರೆ," ಅಂದೆ. "ಸಂಜೆಗೆ ಗಂಡು ರೈಲು ಹತ್ತುತ್ತಾನೆ. ಹೇಗೂ ಇವತ್ತೇ ಕತ್ತರಿಸೋದು. ನೀವೂ ಜೊತೇಲಿ ಬನ್ನಿ, ಶಾಸ್ತ್ರ ಮುಗಿದ ಕೂಡಲೇ ನಿಮ್ಮ ಕಣ್ಣೆದುರಿಗೇ ಕತ್ತರಿಸ್ತಾಳೆ."

ಮುರೋಯಿ ಅಮ್ಮಾವ್ರು ಯೋಚಿಸಿದರು. ಒಪ್ಪುತ್ತಿದ್ದರೇನೋ. ಅಷ್ಟರಲ್ಲಿ ಮೀನು ಮಾರುವ ಮಾತ್ಸು ಮುಂದೆ ಬಂದಳು.

"ನನ್ನ ಮಗಳದ್ದು ಇಲ್ಲೇ ಕತ್ತರಿಸಿದ್ರಿ. ಅವಳು ಅತ್ಲು, ಅವಳೂ ಕಾಯ್ತೀರಾ ಅಂತ ಕೇಳಿದ್ಲು. ಇವಳದ್ದೇನು ರಾಜಕುಮಾರಿ ತೋಳಾ?"

ಅವಳ ಮಾತಿನಲ್ಲಿ ನ್ಯಾಯವಿತ್ತು, ಅದೇ ನಮಗೆ ಕಷ್ಟವಾಗಿದ್ದು. ಮುರೋಯಿ ಅಮ್ಮಾವ್ರ ಮುಖ ಬಿಗಿಯಿತು. "ಇವಳನ್ನ ಬಿಟ್ಟರೆ ನಾಳೆ ನಾನಿಲ್ಲಿ ಯಾವ ಮುಖ ಇಟ್ಕೊಂಡು ನಿಲ್ಲಲಿ?" ಎಂದು ರೇಷ್ಮೆಯನ್ನು ಮುಷ್ಟಿಯಲ್ಲಿ ಹಿಡಿದರು. ಆಚೆ ದಡದಲ್ಲಿ ಕಾನೆಜಿಯನ್ನು ಬೀಳ್ಕೊಡುವವರು ಬಾವುಟ ಹಿಡಿದು ಸೇರುತ್ತಿದ್ದುದು ಕಾಣುತ್ತಿತ್ತು. ಇಲ್ಲಿ ಜಗಳ ಬೆಳೆದರೆ ಮದುವೆಯೇ ಆಗುವುದಿಲ್ಲ.

ಅಲ್ಲಿಯವರೆಗೆ ತಲೆ ತಗ್ಗಿಸಿದ್ದ ಫುಸಾ ಎಡಗೈ ಚಾಚಿದಳು. "ಇದನ್ನ ಈಗಲೇ ಕತ್ತರಿಸಿ. ಬಲಗಡೇದು ಶಾಸ್ತ್ರ ಆದಮೇಲೆ. ಮಾತ್ಸು ಅಕ್ಕ, ನೀವೂ ಬಂದು ನೋಡಿ."

"ಬರ್ತೀನಿ," ಅಂದಳು ಮಾತ್ಸು. "ಬರದೆ ಬಿಡ್ತೀನಾ?"

ಕತ್ತರಿ ಮೊಂಡಾಗಿತ್ತು, ರೇಷ್ಮೆಯನ್ನು ಅಗಿಯುತ್ತ ಹೋಯಿತು. ಫುಸಾ ನದಿಯ ಕಡೆ ನೋಡುತ್ತಿದ್ದಳು. ದೋಣಿಗಳು ಬುಟ್ಟಿಗೆ ಬಿದ್ದವು. ಎಡಗೈಯನ್ನೇ ಯಾಕೆ ಕೊಟ್ಟಳು ಎಂದು ನನಗೆ ಆಮೇಲೆ ಹೊಳೆಯಿತು. ನಮ್ಮಲ್ಲಿ ಮದುಮಗಳು ಗಂಡಿನ ಎಡಕ್ಕೆ ಕೂರುತ್ತಾಳೆ, ಅವನಿಗೆ ಕಾಣುವುದು ಬಲತೋಳು.

ಮದುವೆಯ ಮನೆಯಲ್ಲಿ ಷರಾಯಿ, ಕೋಟು ಬಿಚ್ಚಿ, ಬಲತೋಳಿನ ಟಾಕು ತೆಗೆದು, ತೋಳನ್ನು ಚಾಪೆಯ ಮೇಲೆ ಹರಡಿ ಕೂರಿಸಿದೆ. ಎಡತೋಳನ್ನು ಬೆನ್ನ ಹಿಂದಕ್ಕೆ ಸರಿಸಿದೆ. ಶಾಸ್ತ್ರದ ಅಕ್ಕಿಮದ್ಯ ಸಾಕೆಯ ಬಟ್ಟಲು ಅವನಿಂದ ಅವಳಿಗೆ, ಅವಳಿಂದ ಅವನಿಗೆ ಹೋಗಿ ಬಂತು. ಕಾನೆಜಿ ಬಟ್ಟಲು ನೋಡಲಿಲ್ಲ, ಪೈನ್ ಮರಗಳನ್ನು ನೋಡುತ್ತಿದ್ದ. ಬಾಗಿಲಲ್ಲಿ ಮುರೋಯಿ ಅಮ್ಮಾವ್ರು, ಮಾತ್ಸು ಕೂತಿದ್ದರು.

ಕೊನೆಯ ಗುಟುಕು ಮುಗಿದ ಮೇಲೆ ಅವನು ಮೆಲ್ಲಗೆ ಕೇಳಿದ: "ದೋಣಿ ತೋರಿಸ್ತೀಯಾ?"

ಫುಸಾ ಪೂರ್ತಿ ಅವನ ಕಡೆ ತಿರುಗಿ ಎಡಗೈಯನ್ನು ಮುಂದಿಟ್ಟಳು. ಹರುಕು ಅಂಚಿನಿಂದ ದಾರಗಳು ನೇತಾಡುತ್ತಿದ್ದವು. ಅವನು ಅದನ್ನು ನೋಡಿದ, ಬಾಗಿಲ ಕಡೆ ನೋಡಿದ. ಅವನ ಕುತ್ತಿಗೆಯ ನರ ಉಬ್ಬಿತು. ಈಗ ಏನಾದರೂ ಅಂದುಬಿಟ್ಟರೆ ಸೈನಿಕನೇ ಸಂಘದವರ ಮೇಲೆ ಬಿದ್ದ ಎಂದು ಊರೆಲ್ಲ ಸುದ್ದಿಯಾಗುತ್ತದೆ ಎಂದು ನನಗೆ ಭಯ.

"ಇನ್ನೊಂದನ್ನೂ ಕೊಡ್ತೀನಿ ಅಂತ ಮಾತು ಕೊಟ್ಟಿದೀನಿ," ಅಂದಳು ಫುಸಾ. "ನೀವು ನೋಡಿ ಆಯ್ತಾ?"

ಅವನು ಬಲತೋಳಿನ ಅಂಚನ್ನು ಅಂಗೈಯಲ್ಲಿ ತೂಗಿ, ಒಂದೊಂದೇ ಮರ ನೋಡುತ್ತ ಹೋದ. ಬೀದಿಯಲ್ಲಿ ಯಾರೋ ರೈಲಿನ ಹೊತ್ತಾಯಿತೆಂದು ಕೂಗಿದರು. ಅವನು ಅವಸರ ಮಾಡಲಿಲ್ಲ.

"ಆಯ್ತು," ಅಂದ. "ಮೈಮೇಲೆ ಹಸಿರು ಸ್ವಲ್ಪ ಜಾಸ್ತಿ ಅನ್ಸುತ್ತೆ."

"ಹೋಗೋ ಹೊತ್ತಲ್ಲೂ ಕುಂದು ಹುಡುಕ್ತೀರಲ್ಲ," ಅಂದಳು ಅವಳು.

ಕತ್ತರಿ ಕೇಳಿ ತೆಗೆದುಕೊಂಡು ತಾನೇ ಕತ್ತರಿಸಿದಳು. ತುಂಡನ್ನು ಮಡಚಿ ಎರಡೂ ಕೈಯಿಂದ ಮುರೋಯಿ ಅಮ್ಮಾವ್ರಿಗೆ ಕೊಟ್ಟಳು. ಅವರು ತಲೆಬಾಗಿ ಈಸಿಕೊಂಡರು. ಮಾತ್ಸು ಚಪ್ಪಲಿ ಮೆಟ್ಟಿ ಹೊರಟುಹೋದಳು.

ಕಾನೆಜಿ ಸೈನಿಕರ ಕಾಲುಪಟ್ಟಿ ಸುತ್ತಲು ಕೂತ. ಹರಿದ ಅಂಚಿನಲ್ಲಿ ಮದುಮಗಳನ್ನು ಸ್ಟೇಷನ್ನಿಗೆ ಕಳಿಸುವುದಕ್ಕಾಗುತ್ತದೆಯೇ? ನಾನು ಸೂಜಿಗೆ ದಾರ ಪೋಣಿಸಿದೆ. ಫುಸಾ ಎರಡೂ ಕೈ ನನ್ನ ಮುಂದೆ ಚಾಚಿ, ಅವನ ಕಡೆಗೇ ನೋಡುತ್ತ ಕೂತಳು.